51 ಗಣನೆಗಳ ಮಳೆ ಮುನ್ಸೂಚನೆ: ಯುರೋಪಿಯನ್ ಕೇಂದ್ರದ ಮೀಟಿಯೊಗ್ರಾಮ್
ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು ಉಚಿತವಾಗಿ ಒದಗಿಸುವ ಮೀಟಿಯೊಗ್ರಾಮ್ (ಒಂದು ಸ್ಥಳದ ಮುಂದಿನ ದಿನಗಳ ಹವಾಮಾನ ತೋರಿಸುವ ನಕ್ಷೆ), ಮಳೆ ಬರುತ್ತದೆಯೇ ಎಂಬುದರ ಜೊತೆಗೆ ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೂ ತಿಳಿಸುತ್ತದೆ. 1992ರಿಂದ ಎನ್ಸೆಂಬಲ್ ಪದ್ಧತಿಯನ್ನು, ಅಂದರೆ ಒಂದೇ ಅವಧಿಯ ಹವಾಮಾನವನ್ನು ಹಲವು ಬಾರಿ ಗಣಿಸಿ ನೋಡುವ ಕ್ರಮವನ್ನು, ಅನುಸರಿಸುತ್ತಿರುವ ಈ ಕೇಂದ್ರವು, ಇಂದು ಒಂದು ಮೂಲ ಗಣನೆಯೊಂದಿಗೆ, ಆರಂಭಿಕ ಸ್ಥಿತಿಯನ್ನು ತುಸು ಬದಲಿಸಿದ ಇನ್ನೂ 50 ಗಣನೆಗಳನ್ನು ನಡೆಸುತ್ತದೆ.

ಹತ್ತು ದಿನಗಳ ನಕ್ಷೆಯಲ್ಲಿ ಆರಾರು ಗಂಟೆಗೊಂದು ಪೆಟ್ಟಿಗೆಯಿದ್ದು, ಅದರ ದಪ್ಪ ಭಾಗದೊಳಗೆ ಅರ್ಧದಷ್ಟು ಗಣನೆಗಳು ಅಡಗಿರುತ್ತವೆ. ಅಡ್ಡಗೆರೆ ಮಧ್ಯಾಂಕವನ್ನು, ಅಂದರೆ ಗಣನೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಬೆಲೆಯನ್ನು, ಸೂಚಿಸುತ್ತದೆ. ಮೊದಲ ದಿನಗಳಲ್ಲಿ ಗಿಡ್ಡಗಿರುವ ಪೆಟ್ಟಿಗೆಗಳು ವಾರ ಕಳೆಯುವಷ್ಟರಲ್ಲಿ ಉದ್ದವಾದರೆ, ಗಣನೆಗಳಲ್ಲಿ ಒಮ್ಮತವಿಲ್ಲವೆಂದೇ ಅರ್ಥ. ಮಧ್ಯಾಂಕ ಸೊನ್ನೆಯಲ್ಲಿದ್ದು ಪೆಟ್ಟಿಗೆಯಿಂದ ಮೇಲಕ್ಕೆ ಚಾಚಿದ ಸಣ್ಣ ಗೆರೆ ಮಾತ್ರ 40 ಮಿ.ಮೀ. ಮುಟ್ಟಿದ್ದರೆ, ಭಾರೀ ಮಳೆಯ ಸಾಧ್ಯತೆ ಕಡಿಮೆ, ಆದರೆ ಇಲ್ಲವೆನ್ನಲಾಗದು. ಒಂದೇ ಅಂಕಿ ತೋರಿಸುವ ಮೊಬೈಲ್ ಆ್ಯಪ್‌ಗಳು ಈ ಸೂಕ್ಷ್ಮವನ್ನು ನುಂಗಿಬಿಡುತ್ತವೆ.

2023ರಲ್ಲಿ ಗಣನೆಯ ಜಾಲಕವು (ಲೆಕ್ಕಕ್ಕಾಗಿ ಭೂಮಿಯನ್ನು ವಿಂಗಡಿಸುವ ಚೌಕಗಳ ಅಳತೆ) 18 ಕಿ.ಮೀ.ನಿಂದ 9 ಕಿ.ಮೀ.ಗೆ ಇಳಿದಿದ್ದರೂ, ಆಗುಂಬೆಯಂತಹ ಕಡಿದಾದ ಘಟ್ಟದಂಚಿಗೆ ಅದು ಇನ್ನೂ ಒರಟೇ. ಎಲ್ಲ ಗಣನೆಗಳೂ ಒಂದೇ ಮಾದರಿಯವಾದ್ದರಿಂದ ಅವು ಒಟ್ಟಾಗಿ ತಪ್ಪುವುದೂ ಉಂಟು. ವಿವರಣೆ ಇಂಗ್ಲಿಷಿನಲ್ಲಿದೆ, ನಕ್ಷೆ ಓದುವುದನ್ನು ಕಲಿಯಲು ತಾಳ್ಮೆ ಬೇಕು. ಕೊಯ್ಲು ಅಥವಾ ಔಷಧಿ ಸಿಂಪಡಣೆಯ ದಿನ ಗೊತ್ತುಮಾಡುವವರಿಗೆ ನಾನು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.