ಕೋವಿಡ್ ನಂತರದ ದಿನಗಳಲ್ಲಿ ಸ್ಮಾರ್ಟ್‌ವಾಚ್: ಬೆಳಗಿನ ಅಂಕಿ, ಸಂಜೆಯ ಕಿರಿಕಿರಿ

ಐದು ಸಾವಿರ ರೂಪಾಯಿಯೊಳಗೆ ಕೊಂಡ ಈ ಸ್ಮಾರ್ಟ್‌ವಾಚ್ ಕೋವಿಡ್ ತಗಲುವ ಮೊದಲಿನಿಂದಲೂ ನನ್ನ ಕೈಯಲ್ಲಿದ್ದುದು ದೊಡ್ಡ ಅನುಕೂಲವಾಯಿತು. ಆರೋಗ್ಯವಾಗಿದ್ದಾಗ ನನ್ನ ವಿಶ್ರಾಂತಿಯ ಹೃದಯ ಬಡಿತ ನಿಮಿಷಕ್ಕೆ 64ರ ಆಸುಪಾಸಿನಲ್ಲಿತ್ತು ಎಂಬುದಕ್ಕೆ ಅದರಲ್ಲಿ ದಾಖಲೆಯಿತ್ತು. ಜ್ವರ ಬಿಟ್ಟು, ಪರೀಕ್ಷೆ ನೆಗೆಟಿವ್ ಬಂದು, ಮನೆಯವರೆಲ್ಲ ನಿಶ್ಚಿಂತರಾದ ಮೇಲೂ ಅದು 76ರಿಂದ ಕೆಳಗಿಳಿಯಲಿಲ್ಲ. ಸ್ನಾನ ಮುಗಿಸಿದರೆ ಸಾಕು, ಮಲಗಬೇಕೆನಿಸುತ್ತಿತ್ತು. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಸಾಧನ ಧರಿಸಿದ್ದ ಕೋವಿಡ್ ರೋಗಿಗಳ ನಿದ್ರೆ ಸರಾಸರಿ 24 ದಿನಗಳಲ್ಲಿ, ನಡಿಗೆ 32 ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳಿದರೆ, ಹೃದಯ ಬಡಿತ ಮರಳಲು 79 ದಿನ ಹಿಡಿದಿತ್ತು. ನನ್ನ ದಣಿವು ಬರೀ ಮನಸ್ಸಿನದಲ್ಲ ಎಂಬ ಧೈರ್ಯ ಬಂದದ್ದು ಅದನ್ನು ಓದಿದಾಗ.

ಅಂದಿನಿಂದ ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ, ಕಾಫಿಗೂ ಮುನ್ನ, ರಾತ್ರಿಯ ಅಂಕಿಯನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತೇನೆ. ಹಿಂದಿನ ವಾರಕ್ಕಿಂತ ನಾಲ್ಕೈದು ಹೆಚ್ಚಿದ್ದರೆ ಆ ದಿನ ಮಾರುಕಟ್ಟೆಗೆ ಹೋಗುವುದಿಲ್ಲ, ಬಟ್ಟೆ ಒಣಹಾಕಲು ಮಹಡಿ ಹತ್ತುವುದಿಲ್ಲ. ವೈದ್ಯರು ಕೂಡ ಆ ಹಾಳೆಗಳನ್ನು ತಿರುವಿಹಾಕಿ ನೋಡಿ, ಅದರ ಮೇಲೆಯೇ ಪ್ರಶ್ನೆ ಕೇಳಿದರು.

ಆದರೆ ಇದೇ ಸಾಧನ ಸಂಜೆಯಾದರೆ ಮಣಿಕಟ್ಟಿನ ಮೇಲೆ ಗುಂಯ್‌ಗುಟ್ಟಿ, ಇನ್ನೂ ಇಷ್ಟು ಸಾವಿರ ಹೆಜ್ಜೆ ಬಾಕಿ ಎಂದು ನೆನಪಿಸುತ್ತದೆ. ಹತ್ತು ಸಾವಿರ ಹೆಜ್ಜೆಯ ಗುರಿ ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣದ ಹೆಸರಿನಿಂದ ಬಂದದ್ದು. ವೈರಾಣು ಕಾಯಿಲೆಯ ನಂತರ ದಣಿವು ಉಳಿದವರಲ್ಲಿ ಅನೇಕರಿಗೆ ಇಂದು ಅತಿಯಾಗಿ ಓಡಾಡಿದ್ದರ ಫಲ ನಾಳೆಯೋ ನಾಡಿದ್ದೋ ಕಾಣಿಸಿಕೊಂಡು ಹಾಸಿಗೆ ಹಿಡಿಸುತ್ತದೆ. ಹೀಗಿರುವಾಗ ಆ್ಯಪ್‌ನಲ್ಲಿ ಹುಷಾರಿಲ್ಲ ಎಂದು ತಿಳಿಸುವ ಒಂದು ಗುಂಡಿಯೂ ಇಲ್ಲ, ಗುರಿಯನ್ನು ಪೂರ್ತಿ ತೆಗೆದುಹಾಕಲೂ ಬರುವುದಿಲ್ಲ. ವೈದ್ಯರು ಹೇಳಿದಂತೆ ವಿಶ್ರಾಂತಿ ಪಡೆದ ದಿನವೇ ವಾರದ ವರದಿಯಲ್ಲಿ ಕೆಂಪಾಗಿ ಕಾಣುತ್ತದೆ. ಕಾಯಿಲೆಯವರ ಕೈಯಲ್ಲಿ ಇದು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ಆಮ್ಲಜನಕದ ಅಂಕಿಯನ್ನು ನಾನು ನಂಬುವುದಿಲ್ಲ. ಕೈ ತಣ್ಣಗಿದ್ದರೂ ಪಟ್ಟಿ ಸಡಿಲವಿದ್ದರೂ ಅದು ಏರುಪೇರಾಗುತ್ತದೆ, ಅದಕ್ಕೆ ಬೆರಳಿಗೆ ಹಾಕುವ ಆಕ್ಸಿಮೀಟರೇ ಮೇಲು. ಎಲ್ಲ ಸೂಚನೆಗಳನ್ನೂ ನಿಲ್ಲಿಸಿ, ಬರೀ ರಾತ್ರಿಯ ಹೃದಯ ಬಡಿತಕ್ಕಾಗಿ ಧರಿಸುವವರಿಗೆ ಈ ಬೆಲೆಗೆ ಮೋಸವಿಲ್ಲ. ವಿಶ್ರಾಂತಿಯ ದಿನವನ್ನು ಗುರುತಿಸುವ ಸೌಲಭ್ಯ ಬರುವ ತನಕ ಮೂರು ನಕ್ಷತ್ರಕ್ಕಿಂತ ಹೆಚ್ಚು ಕೊಡಲಾರೆ.