ಮೆಕ್ಯಾನಿಕಲ್: ಬಿಇ ಮಾಡೋದಾ, ಡಿಪ್ಲೊಮಾ ಸಾಕಾ?

ಎಸ್ಸೆಸ್ಸೆಲ್ಸಿ ಆದ್ಮೇಲೆ ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ ಆದ್ರೆ 3ಕ್ಕೇ ಮುಗೀತು, ಇನ್ನೂ ಓದ್ಬೇಕು ಅನ್ಸಿದ್ರೆ ಡಿಸಿಇಟಿ (ಡಿಪ್ಲೊಮಾದವ್ರಿಗೆ ಇರೋ ಸಿಇಟಿ) ಬರ್ದು ಸೀದಾ ಬಿಇ ಎರಡನೇ ವರ್ಷಕ್ಕೆ ಸೇರ್ಬೋದು, ಅಲ್ಲಿಗೂ ಅದೇ 6 ವರ್ಷ! ಇದನ್ನ ತುಂಬಾ ಜನ ಲೆಕ್ಕ ಹಾಕೋದೇ ಇಲ್ಲ. ಆದ್ರೆ ಮ್ಯಾಥ್ಸ್ ವೀಕ್ ಇದ್ರೆ ಹುಷಾರು, ಹೀಗೆ ಸೀದಾ ಎರಡನೇ ವರ್ಷಕ್ಕೆ ಬರೋ ಲ್ಯಾಟರಲ್ ಎಂಟ್ರಿಯವ್ರು ಒದ್ದಾಡೋದೇ ಅಲ್ಲಿ.

ಖರ್ಚಿಗೆ ಬಂದ್ರೆ, ಬಿಇಗೆ ಫೀಸು ವರ್ಷಕ್ಕೆ 1 ಲಕ್ಷ, ಹಾಸ್ಟೆಲ್ಲು ಊಟ 80 ಸಾವಿರ ಅಂತ ಇಟ್ಕೊಂಡ್ರೂ 4 ವರ್ಷಕ್ಕೆ 7 ಲಕ್ಷದ 20 ಸಾವಿರ. ಸರ್ಕಾರಿ ಪಾಲಿಟೆಕ್ನಿಕ್ಕಲ್ಲಿ ಇದರ ಹತ್ರಕ್ಕೂ ಬರಲ್ಲ.

ಸಂಬಳದ ಕಥೆ ಕೇಳಿ. ನಮ್ಮ ಬ್ಯಾಚಿನ ಬಿಇ ಹುಡುಗ ಪೀಣ್ಯದಲ್ಲಿ ಒಂದು ಕಂಪ್ನಿಗೆ ಸೇರ್ದಾಗ ಪಕ್ಕದ ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಷೀನಲ್ಲಿ ಆಫ್‌ಸೆಟ್, ಅಂದ್ರೆ ಟೂಲಿನ ಅಳತೆ ಸೆಟ್ಟಿಂಗ್, ಹಾಕ್ತಿದ್ದ ಡಿಪ್ಲೊಮಾದವನಿಗೆ ಇವನಿಗಿಂತ 2 ಸಾವಿರ ಜಾಸ್ತಿ ಇತ್ತು, ಓವರ್‌ಟೈಮ್ ಬೇರೆ, ಬಿಇಯವ್ನು ಮೈಕ್ರೋಮೀಟರ್ (ಸಣ್ಣ ಅಳತೆ ನೋಡೋ ಸಾಧನ) ಹಿಡ್ಕೊಂಡು ಅವ್ನನ್ನೇ ಅಣ್ಣ ಅಣ್ಣ ಅಂತ ಕೇಳ್ಕೊಂಡು ಕಲಿತ. ಆದ್ರೆ ಐದಾರು ವರ್ಷ ಆದ್ಮೇಲೆ ಡಿಸೈನ್ ಕಡೆ ಹೋಗಿ ಬಿಇಯವ್ನೇ ಮುಂದೆ.

ಬಾಗಿಲು ಮುಚ್ಚೋದೂ ಇದೆ: ಗೇಟ್ (GATE) ಪರೀಕ್ಷೆ ಅಂಕದ ಮೇಲೆ ಸಿಗೋ ಪಿಎಸ್‌ಯು, ಅಂದ್ರೆ ಸರ್ಕಾರಿ ಕಂಪ್ನಿ ಕೆಲ್ಸ, ಇಸ್ರೋ ಸೈಂಟಿಸ್ಟ್ ಪೋಸ್ಟು ಡಿಪ್ಲೊಮಾಗಿಲ್ಲ, ಇಸ್ರೋದಲ್ಲಿ ಅವ್ರಿಗೆ ಟೆಕ್ನಿಕಲ್ ಅಸಿಸ್ಟೆಂಟ್ ಪೋಸ್ಟ್ ಇದೆ. ರೈಲ್ವೆ ಜೆಇಗೆ (ಜೂನಿಯರ್ ಎಂಜಿನಿಯರ್) ಡಿಪ್ಲೊಮಾನೇ ಸಾಕು.

ನನ್ ಪ್ರಕಾರ ಸಿಇಟಿಲಿ ಸರ್ಕಾರಿ ಸೀಟು ಸಿಕ್ರೆ ಬಿಇ ಮಾಡಿ. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡು ಕೊನೆಗೆ ಸಾಫ್ಟ್‌ವೇರಿಗೆ ಹೋಗೋದಾದ್ರೆ ಮೆಕ್ಯಾನಿಕಲ್ ಯಾಕ್ರೀ? ಇಲ್ಲಾಂದ್ರೆ ಜಿಟಿಟಿಸಿಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದ್ರೆ ಟೂಲು, ಅಚ್ಚು ಮಾಡೋ ಡಿಪ್ಲೊಮಾ ನೋಡಿ, 3 ವರ್ಷ ಓದು, 1 ವರ್ಷ ಕಂಪ್ನೀಲಿ ಟ್ರೇನಿಂಗು.