ಕಕ್ಕಡದ ಮಳೆಗೆ ಯಾವ ಇನ್ಹೇಲರ್? ಪಂಪು, ಪುಡಿ, ನೆಬ್ಯುಲೈಸರ್‌ಗಳ ವಿಮರ್ಶೆ

ಕಕ್ಕಡ ಎಂದರೆ ಕೊಡಗಿನ ಜಡಿಮಳೆಯ ತಿಂಗಳು, ಜುಲೈ–ಆಗಸ್ಟ್ ಹೊತ್ತು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಕೊಡಗಿನ ಮೆಡಿಕಲ್ ಶಾಪುಗಳಲ್ಲಿ ಮೂರು ರೂಪದಲ್ಲಿ ಸಿಗುತ್ತದೆ: ಒತ್ತಿದರೆ ಚಿಮ್ಮುವ ಪಂಪು, ಕ್ಯಾಪ್ಸೂಲ್ ಹಾಕಿ ಎಳೆದುಕೊಳ್ಳುವ ಪುಡಿ, ದ್ರವವನ್ನು ಮಂಜಾಗಿಸುವ ಕರೆಂಟಿನ ನೆಬ್ಯುಲೈಸರ್. ಔಷಧ ಒಂದೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ಮೂರೂ ಒಂದೇ ಥರ ಕೆಲಸ ಮಾಡುವುದಿಲ್ಲ. ನಮ್ಮ ಮತ ಪಂಪು ಮತ್ತು ಕವಾಟವಿರುವ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಜೋಡಿಗೆ. ಅಷ್ಟರಿಂದಲೇ ಕಾಯಿಲೆ ಹತೋಟಿಗೆ ಬರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಯಾಕೆಂದು ತಿಳಿಯಲು ಶ್ವಾಸನಾಳದ ಜೀವಕೋಶಗಳೊಳಗೆ ಇಣುಕಬೇಕಾಗುತ್ತದೆ.

ತೇವ ಹಿಡಿದ ಕಂಬಳಿ, ಹಾಸಿಗೆಯೊಳಗಿನ ಧೂಳುನುಸಿ, ಗೋಡೆಯ ಬೂಷ್ಟು: ಮಳೆಗಾಲದ ಉಬ್ಬಸಕ್ಕೆ ಕಾರಣಗಳು ಬಹುಪಾಲು ಮನೆಯೊಳಗೇ ಇರುತ್ತವೆ. ಅಲರ್ಜಿ ಇರುವವರ ಶ್ವಾಸನಾಳದಲ್ಲಿ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳ ಮೈಮೇಲೆ ಐಜಿಇ ಪ್ರತಿಕಾಯಗಳು ಮೊದಲೇ ಕೂತಿರುತ್ತವೆ. ನುಸಿಯ ಕಣ ಅವುಗಳಿಗೆ ಅಂಟಿ ಒಂದಕ್ಕೊಂದನ್ನು ಹತ್ತಿರ ಎಳೆದ ಕೂಡಲೇ ಆ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಶ್ವಾಸನಾಳವನ್ನು ಸುತ್ತಿರುವ ಸ್ನಾಯುವಿನಲ್ಲಿ ಇವೆರಡಕ್ಕೂ ಬೇರೆಬೇರೆ ಗ್ರಾಹಕಗಳಿವೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನ್‌ಗಳಿವೆ. ಬಚ್ಚಲೊಲೆಯ ಹೊಗೆ ಇನ್ನೊಂದು ದಾರಿಯಲ್ಲಿ ಬರುತ್ತದೆ: ಅದು ನರವನ್ನು ಕೆಣಕುತ್ತದೆ, ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ, ಅದು ಎಂ-3 ಗ್ರಾಹಕವನ್ನು ಹಿಡಿಯುತ್ತದೆ. ಬಂದ ಬಾಗಿಲು ಯಾವುದಾದರೂ ಮುಂದಿನ ದಾರಿ ಬಹುತೇಕ ಒಂದೇ. ಜಿಕ್ಯೂ ಎಂಬ ಪ್ರೋಟೀನ್ ಎಚ್ಚೆತ್ತು ಫಾಸ್ಫೊಲೈಪೇಸ್-ಸಿ ಕಿಣ್ವಕ್ಕೆ ಚಾಲನೆ ಕೊಡುತ್ತದೆ, ಅದರಿಂದ ಹುಟ್ಟಿದ ಐಪಿ-3 ಎಂಬ ಸಂದೇಶ ಅಣು ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನ್ ಜೊತೆ ಸೇರಿ ಮಯೋಸಿನ್ ಕೈನೇಸ್ ಕಿಣ್ವವನ್ನು ಎಬ್ಬಿಸುತ್ತದೆ, ಸ್ನಾಯು ಬಿಗಿಯುತ್ತದೆ. ಸುಂಯ್ ಎನ್ನುವ ಉಸಿರಿನ ಹಿಂದೆ ಇರುವುದು ಈ ಬಿಗಿತ, ಅದರ ಜೊತೆಗೆ ಊತ ಮತ್ತು ಕಫ.

ಸಾಲ್ಬುಟಮಾಲ್ ಈ ಯಾವ ಗ್ರಾಹಕವನ್ನೂ ಮುಟ್ಟುವುದಿಲ್ಲ. ಅದು ಹೋಗಿ ಕೂರುವುದು ಅದೇ ಸ್ನಾಯುವಿನ ಬೀಟಾ-2 ಗ್ರಾಹಕದಲ್ಲಿ. ಕೋಶಪೊರೆಯನ್ನು ಏಳು ಬಾರಿ ದಾಟಿ ಹೋಗುವ ಪ್ರೋಟೀನ್ ಅದು. ಔಷಧ ಕೂತೊಡನೆ ಅದರ ಒಳಬದಿಯ ಆಕಾರ ಬದಲಾಗಿ ಜಿಎಸ್ ಪ್ರೋಟೀನ್ ತನ್ನಲ್ಲಿದ್ದ ಜಿಡಿಪಿ ಎಂಬ ಅಣುವನ್ನು ಕಳಚಿ ಜಿಟಿಪಿ ಎಂಬ ಅಣುವನ್ನು ಹಿಡಿಯುತ್ತದೆ. ಬಿಡಿಸಿಕೊಂಡ ಅದರ ಆಲ್ಫಾ ಭಾಗ ಅಡಿನೈಲೈಲ್ ಸೈಕ್ಲೇಸ್ ಕಿಣ್ವವನ್ನು ಚಾಲೂ ಮಾಡುತ್ತದೆ, ಕೋಶದ ಇಂಧನವಾದ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣು ತಯಾರಾಗುತ್ತದೆ, ಅದರಿಂದ ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಕ್ಯಾಲ್ಸಿಯಂ ಇಳಿಯುತ್ತದೆ, ಮಯೋಸಿನ್ ಕೈನೇಸ್ ಮಂಕಾಗುತ್ತದೆ, ಸ್ನಾಯು ಸಡಿಲುತ್ತದೆ. ಹೊಸ ಪ್ರೋಟೀನ್ ಕಟ್ಟುವ ಕೆಲಸ ಇದರಲ್ಲಿಲ್ಲ, ಇದ್ದವುಗಳ ಸ್ಥಿತಿ ಬದಲಾದರೆ ಸಾಕು. ಹಾಗಾಗಿಯೇ ಸುಮಾರು 5 ನಿಮಿಷಕ್ಕೆ ಆರಾಮ ಸಿಗುತ್ತದೆ, 4ರಿಂದ 6 ಗಂಟೆ ಉಳಿಯುತ್ತದೆ. ಈ ಸರಣಿಯ ಕೊಂಡಿಗಳಿಗೆ ಮೂರು ನೊಬೆಲ್ ಬಂದಿವೆ: ಸೈಕ್ಲಿಕ್ ಎಎಂಪಿಗಾಗಿ 1971ರಲ್ಲಿ ಸದರ್ಲ್ಯಾಂಡ್‌ಗೆ, ಜಿಎಸ್, ಜಿಕ್ಯೂಗಳ ಕುಟುಂಬವಾದ ಜಿ-ಪ್ರೋಟೀನ್‌ಗಾಗಿ 1994ರಲ್ಲಿ ಗಿಲ್‌ಮನ್ ಮತ್ತು ರಾಡ್‌ಬೆಲ್‌ಗೆ, ಗ್ರಾಹಕಗಳಿಗಾಗಿ 2012ರಲ್ಲಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾಗೆ.

ತೊಡಕೂ ಇಲ್ಲೇ ಇದೆ. ಗ್ರಾಹಕವನ್ನು ಪದೇಪದೇ ಕೆಣಕಿದರೆ ಕೋಶ ಅದನ್ನು ಸುಮ್ಮನಾಗಿಸುತ್ತದೆ. ಮೊದಲು ಕೈನೇಸ್ ಕಿಣ್ವಗಳು ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತವೆ, ಬಳಿಕ ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಜಿ-ಪ್ರೋಟೀನ್‌ಗೆ ಜಾಗವಿಲ್ಲದಂತೆ ಕೂರುತ್ತದೆ, ಕೊನೆಗೆ ಗ್ರಾಹಕವೇ ಪೊರೆಯಿಂದ ಒಳಕ್ಕೆ ಸರಿಯುತ್ತದೆ. ದಿನಾ ಪಂಪು ಒತ್ತುವವರಿಗೆ ಅದರ ಫಲ ಕಡಿಮೆಯಾಗುತ್ತ ಬರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ಊತದ ಮೇಲೆ ಸಾಲ್ಬುಟಮಾಲ್‌ಗೆ ಹಿಡಿತವಿಲ್ಲ. ಸ್ನಾಯು ಸಡಿಲಾಯಿತು, ನಾಳದ ಒಳಗೋಡೆ ಮಾತ್ರ ಊದಿಕೊಂಡೇ ಇದೆ. ವರ್ಷಕ್ಕೆ 200 ಪಫ್‌ನ 3 ಡಬ್ಬಿ ಅಥವಾ ಹೆಚ್ಚು ಖಾಲಿ ಮಾಡುವವರಲ್ಲಿ ದಮ್ಮು ಉಲ್ಬಣಿಸುವ ಅಪಾಯ ಹೆಚ್ಚು. ತಿಂಗಳಿಗೊಂದು ಡಬ್ಬಿ ಖಾಲಿಯಾಗುತ್ತಿದ್ದರೆ ಸಾವಿನ ಅಪಾಯವೂ ಏರುತ್ತದೆ. ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಎಂದು ಜಿನಾ (ಉಬ್ಬಸದ ಜಾಗತಿಕ ಮಾರ್ಗಸೂಚಿ) 2019ರಿಂದ ಹೇಳುತ್ತಿರುವುದು ಇದಕ್ಕೇ.

ಊತ ಇಳಿಸುವುದು ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು. ಅದರ ಗ್ರಾಹಕ ಪೊರೆಯ ಮೇಲಿಲ್ಲ, ಕೋಶದ್ರವದಲ್ಲಿದೆ. ಔಷಧ ಪೊರೆಯನ್ನು ದಾಟಿ ಒಳಗೆ ಹೋಗಿ ಅದನ್ನು ಹಿಡಿಯುತ್ತದೆ, ಎರಡೂ ಕೂಡಿ ಕೋಶಕೇಂದ್ರಕ್ಕೆ ಹೋಗಿ ಊತ ಹುಟ್ಟಿಸುವ ವಂಶವಾಹಿಗಳನ್ನು ಅಡಗಿಸುತ್ತವೆ, ಬೀಟಾ-2 ಗ್ರಾಹಕಗಳ ತಯಾರಿಯನ್ನೂ ಹೆಚ್ಚಿಸುತ್ತವೆ. ಇಲ್ಲಿ ನಡೆಯುವುದು ವಂಶವಾಹಿ ಮಟ್ಟದ ಕೆಲಸವಾದ್ದರಿಂದ ಗಂಟೆಗಳು ಬೇಕು, ಪೂರ್ತಿ ಫಲಕ್ಕೆ ವಾರಗಳೇ ಬೇಕು. ‘ಎರಡು ದಿನ ಎಳೆದೆ, ಏನೂ ಆಗಲಿಲ್ಲ’ ಎಂದು ಅದನ್ನು ಮೂಲೆಗಿಟ್ಟು ಸಾಲ್ಬುಟಮಾಲ್‌ಗೆ ಮರಳುವುದು ತೀರ ಸಾಮಾನ್ಯ, ತೀರ ಅಪಾಯಕರ ಕೂಡ. ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ (ಸಾಲ್ಬುಟಮಾಲ್‌ನಂತೆಯೇ ಸ್ನಾಯು ಸಡಿಲಿಸುವ ಔಷಧ) ಒಂದೇ ಸಾಧನದಲ್ಲಿ ಬರುವುದುಂಟು. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಶುರು ಮಾಡಿ ಸುಮಾರು 12 ಗಂಟೆ ನಿಲ್ಲುತ್ತದೆ, ಹಾಗಾಗಿ ತುರ್ತಿಗೂ ದಿನಬಳಕೆಗೂ ಅದೊಂದೇ ಸಾಕಾಗಬಹುದು. ಡಾಕ್ಟರ ಹತ್ತಿರ ಕೇಳಲು ಯೋಗ್ಯವಾದ ಪ್ರಶ್ನೆ. ಅದೇ ಗುಂಪಿನ ಸಾಲ್ಮೆಟೆರಾಲ್ ಅಷ್ಟು ಚುರುಕಲ್ಲ, ತುರ್ತಿಗೆ ಆಗದು.

ಇನ್ನು ಸಾಧನಗಳ ಲೆಕ್ಕ. ಬರೀ ಪಂಪನ್ನು ಬಾಯಿಗಿಟ್ಟು ಸರಿಯಾಗಿ ಎಳೆದರೂ ಶ್ವಾಸಕೋಶ ಮುಟ್ಟುವುದು ನೂರಕ್ಕೆ ಹತ್ತಿಪ್ಪತ್ತು ಪಾಲು, ಉಳಿದದ್ದು ಗಂಟಲಿಗೆ. ಒತ್ತುವುದೂ ಉಸಿರೆಳೆಯುವುದೂ ಒಟ್ಟಿಗೆ ಆಗದಿದ್ದರೆ ಅಷ್ಟೂ ಇಲ್ಲ. ಸ್ಪೇಸರ್ ಇದ್ದರೆ ದಪ್ಪ ಹನಿಗಳು ಅದರ ಗೋಡೆಗೆ ಅಂಟುತ್ತವೆ, 1ರಿಂದ 5 ಮೈಕ್ರಾನ್‌ನ ಸಣ್ಣವು ಒಳಗೆ ಹೋಗುತ್ತವೆ. ಕ್ರಮ ಹೀಗೆ: ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಸ್ಪೇಸರ್‌ಗೆ ಸಿಕ್ಕಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಮುಚ್ಚಿ, ಒಂದೇ ಪಫ್ ಒತ್ತಿ, ನಿಧಾನವಾಗಿ 3ರಿಂದ 5 ಸೆಕೆಂಡು ಎಳೆದು, 10 ಸೆಕೆಂಡು ತಡೆಯಿರಿ. ಅಷ್ಟು ಆಗದವರು ಸ್ಪೇಸರ್‌ನಲ್ಲೇ 5–6 ಸಲ ಮಾಮೂಲಿಯಾಗಿ ಉಸಿರಾಡಲಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಒಳಗಿನ ಗೋಡೆಗೇ ಹೋಗುತ್ತವೆ. ಸ್ಟೀರಾಯ್ಡ್ ಆದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಬಿಳಿ ಪದರ ಬರಬಹುದು.

ಸ್ಪೇಸರ್‌ನ ಒಂದು ದೋಷ ಸ್ಥಾಯಿ ವಿದ್ಯುತ್. ಹೊಸ ಪ್ಲಾಸ್ಟಿಕ್ ಔಷಧವನ್ನು ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ, ತಾನಾಗಿ ಒಣಗಲು ಬಿಡಬೇಕು. ಒರೆಸಿದರೆ ಅದೇ ವಿದ್ಯುತ್ ಮತ್ತೆ ಹುಟ್ಟುತ್ತದೆ. ಭಾಗಮಂಡಲ, ನಾಪೋಕ್ಲು ಕಡೆ ಕಕ್ಕಡದಲ್ಲಿ ತಾನಾಗಿ ಒಣಗುವುದು ಸುಲಭವಲ್ಲ. ಒಲೆಯ ಹೊಗೆ ತಾಗದ ಬೆಚ್ಚನೆ ಜಾಗ ಹುಡುಕಬೇಕು, ಅಥವಾ ಎರಡು ಸ್ಪೇಸರ್ ಇಟ್ಟುಕೊಳ್ಳಬೇಕು.

ಪುಡಿಯ ಸಾಧನ ಕಿಸೆಗೆ ಹಿಡಿಸುತ್ತದೆ, ಬಿಸಿಲು ಕಾಣುವ ಕುಶಾಲನಗರದ ಬದಿಯವರಿಗೆ ಅಡ್ಡಿಯಿಲ್ಲ. ಮಳೆ ನಾಡಿನಲ್ಲಿ ನಾವು ಅಂಕ ಕಡಿಮೆ ಕೊಡುತ್ತೇವೆ. ತೇವಕ್ಕೆ ಪುಡಿ ಗಂಟುಗಟ್ಟುತ್ತದೆ, ಕ್ಯಾಪ್ಸೂಲ್ ಮೆತ್ತಗಾಗಿ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಮರೆತು ಸಾಧನದೊಳಗೇ ಉಸಿರು ಬಿಟ್ಟರೂ ಇದೇ ಗತಿ. ಎಳೆತವೂ ಪಂಪಿಗೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ದಮ್ಮು ಹೆಚ್ಚಾದಾಗ ಆಗದ ಕೆಲಸವೇ ಅದು.

ನೆಬ್ಯುಲೈಸರ್ ಬಗ್ಗೆ ಇರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ದೊಡ್ಡವರಿಗೆ ಅದಕ್ಕೆ ಸುರಿಯುವುದು 2.5ರಿಂದ 5 ಮಿಲಿಗ್ರಾಂ, ಪಂಪಿನ ಒಂದು ಪಫ್ 100 ಮೈಕ್ರೊಗ್ರಾಂ. ಆದರೂ ಪ್ರಾಣಾಪಾಯವಿಲ್ಲದ ದಮ್ಮಿಗೆ ಸ್ಪೇಸರ್ ಅದರಷ್ಟೇ ಪರಿಣಾಮಕಾರಿ. ಮರ ಬಿದ್ದು ಕರೆಂಟು ದಿನಗಟ್ಟಲೆ ಬಾರದ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಯಾವುದು ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ದಮ್ಮು ಕಟ್ಟಿದರೆ ಸ್ಪೇಸರ್‌ನಲ್ಲಿ ಒಂದೊಂದಾಗಿ 4 ಪಫ್ ಕೊಟ್ಟು 20 ನಿಮಿಷ ನೋಡಿ. ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಯಾದರೆ ಕಾಯಬಾರದು: ಪಫ್ ಕೊಡುತ್ತಲೇ ಗಾಡಿ ಹತ್ತಿಸಿ. ಆಗ ಬೇಕಾದ ಆಮ್ಲಜನಕ ಯಾವ ಪಂಪಿನಲ್ಲೂ ಇಲ್ಲ, ರಸ್ತೆ ಹೇಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಬೇಗ ಹೊರಡಬೇಕು.

ಹಾಲಿಲ್ಲದ ಕಟ್ಟ ಕಾಫಿ ಕುಡಿದರೆ ದಮ್ಮು ಇಳಿಯುತ್ತದೆ ಎನ್ನುವವರು ಪೂರಾ ಸುಳ್ಳು ಹೇಳುತ್ತಿಲ್ಲ. ಕಾಫಿಯ ಕೆಫೀನ್ ಉಬ್ಬಸದ ಹಳೆಯ ಔಷಧ ಥಿಯೊಫಿಲಿನ್‌ನ ದಾಯಾದಿ, ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುತ್ತದೆ. ಸ್ವಲ್ಪ ಮಾತ್ರ, ಪಂಪಿಗೆ ಬದಲಿಯಲ್ಲ.

ಪಫ್ ಬಳಿಕ ಕೈ ನಡುಗುವುದು, ಎದೆ ಬಡಿಯುವುದು ಅದೇ ಬೀಟಾ ಗ್ರಾಹಕಗಳ ಕೆಲಸ, ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಬಿಪಿಯಂಥವಕ್ಕೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆ, ಗ್ಲಾಕೊಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಮಾತ್ರ ಆ ಗ್ರಾಹಕವನ್ನೇ ಮುಚ್ಚಿಬಿಡುತ್ತವೆ. ಕಣ್ಣಿನ ಡಾಕ್ಟರಿಗೂ ಉಬ್ಬಸದ ವಿಷಯ ಹೇಳಲೇಬೇಕು.

ಕೊಳ್ಳುವಾಗ ಡಬ್ಬಿಯ ಬಣ್ಣ ನಂಬದೆ ಔಷಧದ ಹೆಸರು ಓದಿ. ಎಣಿಕೆ ಕಾಣುವ ಪಂಪು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ನೀರಿಗೆ ಹಾಕಿ ತೇಲುತ್ತದೆಯೋ ನೋಡುವ ಪರೀಕ್ಷೆ ನಂಬಲರ್ಹವಲ್ಲ: ಔಷಧ ಮುಗಿದ ಮೇಲೂ ಒಳಗೆ ಬರೀ ಅನಿಲ ಉಳಿದಿರುತ್ತದೆ. ಸ್ಪೇಸರ್‌ನಲ್ಲಿ ಕವಾಟ ಉಸಿರಿಗೆ ಅಲುಗುವುದು ಕಾಣಬೇಕು, ನಿಮ್ಮ ಪಂಪು ಅದರ ಬಾಯಿಗೆ ಬಿಗಿಯಾಗಿ ಕೂರಬೇಕು. ಸಣ್ಣ ಮಕ್ಕಳಿಗೆ ಮುಖದ ಅಳತೆಯ ಮಾಸ್ಕ್ ಬೇಕು. ಖಾಲಿ ಡಬ್ಬಿಯನ್ನು ಬಚ್ಚಲೊಲೆಗೆ ಎಸೆಯಬೇಡಿ, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೂ ಇಡಬೇಡಿ. ಒಳಗೆ ಒತ್ತಡದ ಅನಿಲ ಉಳಿದೇ ಇರುತ್ತದೆ, ಬಿಸಿಗೆ ಸಿಡಿಯುತ್ತದೆ.